ಕಾಲ ಕೂಡಿಬಂದಾಗ, ಬಾರದಿದ್ದಾಗ
(ದತ್ತಿ ಉಪನ್ಯಾಸದ ಲಿಖಿತ ರೂಪ)



ಉಪನ್ಯಾಸಕ್ಕೆ ಕರೆದ ಸಂಘ ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿತು. ಆ ಸ್ವಾತಂತ್ರ್ಯಕ್ಕೆ ಮೊದಲ ಕೃತಜ್ಞತೆ. ಕಲಾವಿದರ, ಲೇಖಕರ ಪ್ರತಿಭೆ ಮತ್ತು ಪರಿಶ್ರಮಗಳ ಬಗ್ಗೆ ನಮ್ಮ ವೇದಿಕೆಗಳಲ್ಲಿ ಬೇಕಾದಷ್ಟು ಮಾತು ನಡೆದಿದೆ. ಯಾವ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಕೈಹಾಕಬೇಕು, ಯಾವುದನ್ನು ಬಿಡಬೇಕು, ಯಾವುದಕ್ಕೆ ಕಾಯಬೇಕು ಎಂಬ ತಿಳಿವಳಿಕೆಯ ಬಗ್ಗೆ ಅಷ್ಟು ನಡೆದಿಲ್ಲ. ಯಾರಾದರೂ ಮೇಲೆ ಬಂದರೆ ‘ಅವರ ಟೈಮು ಚೆನ್ನಾಗಿತ್ತು ಬಿಡಿ’ ಎಂದು ಮಾತು ಮುಗಿಸುತ್ತೇವೆ. ಈ ‘ಚೆನ್ನಾಗಿದ್ದ ಟೈಮಿ’ನಲ್ಲಿ ಅದೃಷ್ಟದ ಪಾಲೆಷ್ಟು, ವಿವೇಕದ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಇವತ್ತಿನ ನನ್ನ ಪ್ರಯತ್ನ. ಅದಕ್ಕೆ ಧಾರವಾಡ–ಬೆಳಗಾವಿಯ ಈ ಸೀಮೆಯಲ್ಲಿ ಹುಟ್ಟಿದ ಇಲ್ಲವೇ ಬೆಳೆದ ನಾಲ್ವರನ್ನು ಆರಿಸಿಕೊಂಡಿದ್ದೇನೆ: ಗಾಯಕ ಮಲ್ಲಿಕಾರ್ಜುನ ಮನಸೂರ, ನಾಟಕಕಾರ ಗಿರೀಶ ಕಾರ್ನಾಡ, ಗಾಯಕಿ ಗಂಗೂಬಾಯಿ ಹಾನಗಲ್ ಮತ್ತು ಗಾಯಕ ಕುಮಾರ ಗಂಧರ್ವ.

ಅದೃಷ್ಟದ ಪಾಲನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ಅವರು ಹೊಟ್ಟೆಯಲ್ಲಿದ್ದಾಗ, ಈ ಮಗು ಬೇಡವೆಂದು ತೀರ್ಮಾನಿಸಿ ತಾಯಿ ವೈದ್ಯರೊಬ್ಬರ ಕ್ಲಿನಿಕ್ಕಿಗೆ ಹೋಗಿದ್ದರಂತೆ. ವೈದ್ಯರು ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದು ನೋಡಿ ತಾಯಿ ಎದ್ದುಬಂದರು. ಕಾರ್ನಾಡರು ಪುಸ್ತಕವನ್ನು ಅರ್ಪಿಸಿದ್ದು ಆ ವೈದ್ಯರಿಗೇ. ಒಬ್ಬರು ತಡವಾಗಿ ಬಂದದ್ದರಿಂದ ನಮಗೊಬ್ಬ ನಾಟಕಕಾರ ಸಿಕ್ಕಿದ. ಇದರಲ್ಲಿ ಯಾರ ಜಾಣತನವೂ ಇಲ್ಲ, ಯಾರ ಯೋಗ್ಯತೆಯೂ ಇಲ್ಲ. ಇಂಥ ಆಕಸ್ಮಿಕಗಳು ಎಲ್ಲರ ಬದುಕಿನಲ್ಲೂ ಇರುತ್ತವೆ. ಅವನ್ನು ಪಕ್ಕಕ್ಕಿಟ್ಟ ಮೇಲೂ ಏನು ಉಳಿಯುತ್ತದೆ ಎಂಬುದು ನನ್ನ ಪ್ರಶ್ನೆ.

1

ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಕೊನೆಯಲ್ಲಿ, ಧಾರವಾಡದ ಮಗ್ಗುಲ ಮನಸೂರಿನಲ್ಲಿ. ಹುಡುಗನಾಗಿದ್ದಾಗಲೇ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಮುಂದೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತದ ಗ್ವಾಲಿಯರ್ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ತಾಲೀಮು ನಡೆಯಿತು. 1930ರ ದಶಕದ ಮೊದಲ ಭಾಗದ ಹೊತ್ತಿಗೆ ಎಚ್‌ಎಂವಿ ಕಂಪನಿ ಅವರ ಗ್ರಾಮಫೋನ್ ಪ್ಲೇಟುಗಳನ್ನು ಹೊರತಂದಿತ್ತು. ಆ ಕಾಲದಲ್ಲಿ ಪ್ಲೇಟು ಬಂತೆಂದರೆ ಗಾಯಕನ ಹೆಸರು ಕಾಣದ ಊರುಗಳಿಗೂ ಹೋಯಿತೆಂದೇ ಅರ್ಥ. ಇಪ್ಪತ್ತೈದು ತುಂಬುವ ಮೊದಲೇ ಅವರಿಗೆ ಗುರುವಿತ್ತು, ಘರಾಣೆಯಿತ್ತು, ಕೇಳುಗರಿದ್ದರು, ಕಂಪನಿಯಿತ್ತು. ಇಷ್ಟರ ಮೇಲೆ ಇಡೀ ಜೀವನ ಕಳೆದ ಗಾಯಕರು ಎಷ್ಟೋ ಮಂದಿ.

ಆ ಹಂತದಲ್ಲಿ ಮನಸೂರರು ಮುಂಬಯಿಯಲ್ಲಿ ಮಂಜೀಖಾನರ ಮುಂದೆ ಶಿಷ್ಯರಾಗಿ ಕೂತರು. ಮಂಜೀಖಾನರು ಜೈಪುರ–ಅತ್ರೌಲಿ ಗಾಯಕಿಯನ್ನು ರೂಪಿಸಿದ ಅಲ್ಲಾದಿಯಾಖಾನರ ಮಗ. ಹೆಸರು ಮಾಡಿದ ಗಾಯಕನೊಬ್ಬ ಮತ್ತೊಂದು ಘರಾಣೆಗೆ ಹೋಗಿ ಕಲಿಯುವುದೆಂದರೆ ಇರುವ ಸಂಗ್ರಹಕ್ಕೆ ನಾಲ್ಕು ರಾಗ ಸೇರಿಸಿಕೊಂಡಂತೆ ಅಲ್ಲ. ಜೈಪುರ ಗಾಯಕಿಯನ್ನು ಹತ್ತಿರದಿಂದ ಕೇಳಿದವರಿಗೆ ಇದು ಗೊತ್ತು. ತೀನ್‌ತಾಲದ ಹದಿನಾರು ಮಾತ್ರೆಗಳ ಆವರ್ತನ ನಡೆಯುತ್ತಿರುತ್ತದೆ. ಗಾಯಕ ಬಂದಿಶಿನ ಮೊದಲ ತುಣುಕಾದ ಮುಖಡಾ ಹಿಡಿದು, ಆವರ್ತನದ ಮೊದಲ ಮಾತ್ರೆಯಾದ ಸಮಕ್ಕೆ ಬಂದು, ಅಲ್ಲಿಂದ ಹೊರಡುತ್ತಾನೆ. ಸ್ವರಗಳು ನೇರವಾಗಿ ಏರಿ ಇಳಿಯುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು, ಬಳಸಿಕೊಂಡು ಸಾಗುತ್ತವೆ. ಪ್ರತಿ ಮಾತ್ರೆಯ ಒಳಗೂ ಅದರ ಕಾಲುಭಾಗ, ಅರೆಭಾಗಗಳ ಲೆಕ್ಕ ಜೀವಂತವಾಗಿರುತ್ತದೆ. ಉಸಿರು ಎಲ್ಲಿ ತೆಗೆದುಕೊಂಡರು ಎಂದು ಕೇಳುಗನಿಗೆ ಗೊತ್ತಾಗುವುದಿಲ್ಲ. ಇನ್ನು ದಾರಿ ಇಲ್ಲವೇನೋ ಎನ್ನಿಸುವಾಗ ಮುಖಡಾ ತಾನಾಗಿ ಕಾಣಿಸಿಕೊಂಡು ಸಮಕ್ಕೆ ಸರಿಯಾಗಿ ಬಂದು ಕೂರುತ್ತದೆ. ಇದನ್ನು ಕಲಿಯಬೇಕಾದರೆ ಗಂಟಲಿಗೆ ಅಭ್ಯಾಸವಾಗಿಹೋದ ಎಷ್ಟೋ ನಡಿಗೆಗಳನ್ನು ಬಿಡಬೇಕು. ಬಿಡುತ್ತಿರುವ ಕಾಲದಲ್ಲಿ ಹಳೆಯದೂ ಪೂರ್ತಿ ಇರುವುದಿಲ್ಲ, ಹೊಸದೂ ಪೂರ್ತಿ ಬಂದಿರುವುದಿಲ್ಲ. ಕೇಳುಗರ ಎದುರು ನಿಲ್ಲುವ ಕಲಾವಿದನಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

1937ರಲ್ಲಿ ಮಂಜೀಖಾನರು ತೀರಿಕೊಂಡರು. ಪಾಠ ಸಿಕ್ಕಿದ್ದು ಕೆಲವೇ ಕಾಲ. ನನ್ನ ದೃಷ್ಟಿಯಲ್ಲಿ ಮನಸೂರರ ಎರಡನೆಯ ನಿರ್ಧಾರ ಮೊದಲನೆಯದಕ್ಕಿಂತ ದೊಡ್ಡದು. ‘ಜೈಪುರದ್ದೂ ಗೊತ್ತು’ ಎಂದು ಹೇಳಿಕೊಳ್ಳಲು ಸಿಕ್ಕಷ್ಟೇ ಸಾಕಾಗಿತ್ತು. ಅವರು ಮಂಜೀಖಾನರ ತಮ್ಮ ಭುರ್ಜೀಖಾನರ ಬಳಿ ಹೋಗಿ ಕಲಿಕೆಯನ್ನು ಮುಂದುವರಿಸಿದರು. ಅದು ವರ್ಷಗಟ್ಟಲೆ ನಡೆಯಿತು. ಶುದ್ಧ ನಟ್, ಖಟ್, ಬಹಾದುರಿ ತೋಡಿ, ಸಂಪೂರ್ಣ ಮಾಲಕಂಸ್‌ನಂಥ ರಾಗಗಳು ಇವತ್ತು ಅವರ ಹೆಸರಿನೊಂದಿಗೆ ನೆನಪಾಗುವುದು ಆ ವರ್ಷಗಳಿಂದಾಗಿ.

ದೇಶ ಅವರನ್ನು ದೊಡ್ಡದಾಗಿ ಗುರುತಿಸಿದ್ದು ಎಷ್ಟೋ ಕಾಲದ ಮೇಲೆ. ಪದ್ಮಶ್ರೀ ಬಂದದ್ದು 1970ರಲ್ಲಿ. ಆಗ ಅವರಿಗೆ ಅರವತ್ತರ ಹತ್ತಿರ. ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷ. ಇದೇ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ಅರವತ್ತನೆಯ ವರ್ಷದ ಸಮಾರಂಭದಲ್ಲಿ, 1946ರಲ್ಲಿ ಪುಣೆಯಲ್ಲಿ ಹಾಡಿ ಹೆಸರಾದಾಗ ಅವರಿಗೆ ಇಪ್ಪತ್ತನಾಲ್ಕೂ ಸರಿಯಾಗಿ ತುಂಬಿರಲಿಲ್ಲ. ಒಬ್ಬರ ಕಾಲ ಬೇಗ ಬಂತು, ಇನ್ನೊಬ್ಬರದು ತಡವಾಗಿ ಬಂತು ಎನ್ನುವುದು ಸುಲಭ. ಆದರೆ ಮನಸೂರರು ಕೀರ್ತಿಗಾಗಿ ಕಾದು ಕೂತಿದ್ದವರಲ್ಲ. ಅವರ ಹಾಡುಗಾರಿಕೆಯನ್ನೇ ನೋಡಿ: ರಾಗವನ್ನು ಗಂಟೆಗಟ್ಟಲೆ ಎಳೆಯುತ್ತಿರಲಿಲ್ಲ, ಹೇಳಬೇಕಾದ್ದು ಮುಗಿಯಿತೆಂದರೆ ಮುಗಿಸಿ ಮುಂದಿನ ರಾಗಕ್ಕೆ ಹೋಗುತ್ತಿದ್ದರು. ಎಲ್ಲಿ ನಿಲ್ಲಿಸಬೇಕೆಂದು ವೇದಿಕೆಯ ಮೇಲೆ ಅವರಿಗಿದ್ದ ತಿಳಿವೇ ಬದುಕಿನಲ್ಲೂ ಕೆಲಸ ಮಾಡಿದಂತೆ ಕಾಣುತ್ತದೆ. ಪ್ಲೇಟುಗಳ ಯಶಸ್ಸು ನಡೆಯುತ್ತಿರುವಾಗಲೇ, ‘ಇಷ್ಟು ಸಾಕಾಗುವುದಿಲ್ಲ’ ಎಂದು ಅವರು ಕಂಡುಕೊಂಡರು. ಸೋತ ಮೇಲೆ ದಾರಿ ಬದಲಿಸುವವರು ಬಹಳ ಮಂದಿ. ಆಗ ಬೇರೆ ದಾರಿಯೇ ಇರುವುದಿಲ್ಲ. ಗೆಲ್ಲುತ್ತಿರುವಾಗ ಬದಲಿಸುವುದಕ್ಕೆ ಬೇಕಾದ್ದು ವಿವೇಕ.

2

ಕಾರ್ನಾಡರದು ಇನ್ನೊಂದು ಬಗೆ. ಮನಸೂರರು ಒಂದೇ ಕಲೆಯಲ್ಲಿ ಆಳಕ್ಕೆ ಇಳಿದರೆ, ಕಾರ್ನಾಡರು ನಾಟಕ, ಸಿನಿಮಾ, ಆಡಳಿತ ಎಂದು ಹಲವು ಕಡೆ ಕಾಲಿಟ್ಟವರು. ಇಂಥವರಿಗೆ ಸಮಯಪ್ರಜ್ಞೆ ಇನ್ನೂ ಹೆಚ್ಚು ಬೇಕು. ಇಲ್ಲವಾದರೆ ಎಲ್ಲ ಕಡೆ ಇದ್ದು ಎಲ್ಲಿಯೂ ಇಲ್ಲದಂತಾಗುತ್ತದೆ.

ಎಳೆಯ ಕಾರ್ನಾಡರಿಗೆ ಇಂಗ್ಲಿಷಿನಲ್ಲಿ ಕವಿಯಾಗುವ ಆಸೆ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ ಬರೆದದ್ದು ಮಾತ್ರ ನಾಟಕ, ಅದೂ ಕನ್ನಡದಲ್ಲಿ. ಅದೇ ‘ಯಯಾತಿ’. ಧಾರವಾಡದ ಸುಭಾಸ ರಸ್ತೆಯ ಅಟ್ಟ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿ ಕೂತು ಹಸ್ತಪ್ರತಿಗಳನ್ನು ಚರ್ಚಿಸುತ್ತಿದ್ದರು. ಇಪ್ಪತ್ತೆರಡರ ತರುಣನ ಮೊದಲ ನಾಟಕವನ್ನು ಗ್ರಂಥಮಾಲೆ ಒಪ್ಪಿ 1961ರಲ್ಲಿ ಪ್ರಕಟಿಸಿತು. ಆಗ ಲೇಖಕ ಇಂಗ್ಲೆಂಡಿನಲ್ಲಿದ್ದ. ಆ ಪ್ರಕಟಣೆ ತಮ್ಮ ಮುಂದಿನ ದಾರಿಯನ್ನೇ ತೀರ್ಮಾನಿಸಿತೆಂದು ಕಾರ್ನಾಡರು ಹೇಳಿಕೊಂಡಿದ್ದಾರೆ. ಇಲ್ಲಿ ಸಮಯಪ್ರಜ್ಞೆ ಲೇಖಕನದಷ್ಟೇ ಪ್ರಕಾಶಕನದೂ ಹೌದು. ‘ಇನ್ನೆರಡು ಬರೆಯಲಿ, ನೋಡೋಣ’ ಎಂದು ಹೇಳಿದ್ದರೆ ಆ ತರುಣ ಆಕ್ಸ್‌ಫರ್ಡಿನಲ್ಲೇ ಇಂಗ್ಲಿಷ್ ಕವಿತೆ ಬರೆಯುತ್ತ ಉಳಿದುಬಿಡುತ್ತಿದ್ದನೋ ಏನೋ.

1963ರಲ್ಲಿ ಅವರು ಭಾರತಕ್ಕೆ ಬಂದು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ‘ತುಘಲಕ್’ ಬಂತು. ಕನ್ನಡದಲ್ಲಿ ಮಹತ್ವದ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ಮಾತು ಆ ನಾಟಕಕ್ಕೆ ಪ್ರೇರಣೆಯಾಯಿತು. ಅದು ಪ್ರಕಟವಾದ 1964 ನೆಹರೂ ತೀರಿಕೊಂಡ ವರ್ಷವೂ ಹೌದು. ದೊಡ್ಡ ಕನಸು ಕಂಡ ದೊರೆ, ಕನಸು ಕೈಗೂಡದೆ ರಾಜ್ಯ ಕುಸಿಯುವ ಬಗೆ. ಸ್ವಾತಂತ್ರ್ಯಾನಂತರದ ಭ್ರಮನಿರಸನದಲ್ಲಿದ್ದ ಓದುಗರಿಗೆ ಹದಿನಾಲ್ಕನೆಯ ಶತಮಾನದ ಸುಲ್ತಾನ ನೆರೆಮನೆಯವನಾದ. ನಾಟಕ ಹಿಂದುಸ್ತಾನಿ ಭಾಷೆಗೆ ಅನುವಾದವಾಗಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ರಂಗ ಏರಿತು, ಬೆಂಗಳೂರಿನಲ್ಲಿ ಸಿ.ಆರ್. ಸಿಂಹ ತುಘಲಕನಾಗಿ ಹೆಸರಾದರು. ಕಾಲದ ಗಾಳಿ ನೋಡಿ ಬರೆದ ನಾಟಕ ಎಂದು ಇದನ್ನು ಕರೆಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗಾಳಿ ನೋಡಿ ಬರೆದ ಕೃತಿ ಗಾಳಿ ತಿರುಗಿದಾಗ ಬಿದ್ದುಹೋಗುತ್ತದೆ. ‘ತುಘಲಕ್’ ಅರ್ಧ ಶತಮಾನ ದಾಟಿದರೂ ರಂಗಕ್ಕೆ ಬರುತ್ತಲೇ ಇದೆ. ಪ್ರತಿ ಪೀಳಿಗೆಯೂ ಅದರಲ್ಲಿ ತನ್ನ ದೊರೆಯನ್ನು ಕಾಣುತ್ತಿದೆ. ಬರೆಯುವಾಗ ಅವರು ಹಿಡಿದದ್ದು ಆ ವರ್ಷದ ಸುದ್ದಿಯನ್ನಲ್ಲ, ಅಧಿಕಾರ ಮತ್ತು ಆದರ್ಶಗಳ ನಡುವೆ ಯಾವತ್ತೂ ಇರುವ ಬಿರುಕನ್ನು. ಆ ವರ್ಷದ ಜನರಿಗೆ ಅದು ಕೂಡಲೇ ಅರ್ಥವಾದದ್ದು ಕಾಲ ಕೂಡಿಬಂದದ್ದರಿಂದ.

1970ರಲ್ಲಿ ಅವರು ಪ್ರೆಸ್ಸಿನ ಕೆಲಸ ಬಿಟ್ಟರು. ಖಾಯಂ ಸಂಬಳದ, ಮರ್ಯಾದೆಯ ಕೆಲಸ. ಆದರೆ ಕುರುಡಾಗಿ ಹಾರಲಿಲ್ಲ. ಕೈಯಲ್ಲಿ ಹೋಮಿ ಭಾಭಾ ಫೆಲೋಶಿಪ್ ಇತ್ತು. ಎರಡು ವರ್ಷ ಜಾನಪದ ರಂಗಭೂಮಿಯ ಮೇಲೆ ಕೆಲಸ ಮಾಡಲು ಅವಕಾಶವಿತ್ತು. ಆ ಅವಧಿಯಲ್ಲೇ ‘ಹಯವದನ’ ಬಂತು. ಭಾಗವತ, ಅರ್ಧಪಟ, ಮುಖವಾಡ ಎಲ್ಲವೂ ಅದರಲ್ಲಿವೆ. ಸಿರ್ಸಿಯ ಬಾಲ್ಯದಲ್ಲಿ ಕಂಡ ಯಕ್ಷಗಾನ ಆ ವರ್ಷಗಳಲ್ಲಿ ಆಧುನಿಕ ನಾಟಕದ ಒಳಗೆ ಬಂದು ಕೂತಿತು. ಅದೇ ವರ್ಷಗಳಲ್ಲಿ ‘ಸಂಸ್ಕಾರ’ ಚಿತ್ರಕ್ಕೆ ಚಿತ್ರಕಥೆ ಬರೆದು, ಅದರ ನಾಯಕ ಪ್ರಾಣೇಶಾಚಾರ್ಯನಾಗಿ ನಟಿಸಿದರು. ಚಿತ್ರ ಮೊದಲು ಸೆನ್ಸಾರಿನ ತಡೆ ಎದುರಿಸಿ, ನಂತರ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು.

ಬಿಡುವ ವಿವೇಕಕ್ಕೆ ಇನ್ನೊಂದು ಉದಾಹರಣೆ. 1974ರಲ್ಲಿ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಮರುವರ್ಷ ತುರ್ತುಪರಿಸ್ಥಿತಿ ಬಂದಾಗ ಹುದ್ದೆ ಬಿಟ್ಟರು. ಅದು ರಾಜಕೀಯ ನಿರ್ಧಾರ, ನಿಜ. ಜೊತೆಗೆ, ತುಘಲಕನನ್ನು ಬರೆದವನು ಆ ಹೊತ್ತಿನಲ್ಲಿ ಸರ್ಕಾರಿ ಕುರ್ಚಿಯಲ್ಲಿ ಕೂತಿರುವುದು ತನ್ನದೇ ನಾಟಕವನ್ನು ಸುಳ್ಳು ಮಾಡಿದಂತೆ ಆಗುತ್ತಿತ್ತು. ಕುರ್ಚಿ ಬಿಡುವುದಕ್ಕೂ ಒಂದು ಕಾಲವಿದೆ. ಆರು ತಿಂಗಳು ತಡಮಾಡಿ ಬಿಟ್ಟಿದ್ದರೆ ಅದೇ ರಾಜೀನಾಮೆಗೆ ಅಷ್ಟು ತೂಕ ಬರುತ್ತಿರಲಿಲ್ಲ.

3

ಇಲ್ಲಿಯವರೆಗೆ ಹೇಳಿದ ಇಬ್ಬರಿಗೂ ಆಯ್ಕೆಗಳಿದ್ದವು. ಗಂಡಸರು, ಓದು ಅಥವಾ ಗುರು ಸಿಕ್ಕವರು, ಹೊರಟು ನಿಲ್ಲುವ ಸ್ವಾತಂತ್ರ್ಯ ಇದ್ದವರು. ಕಾಲ ತಮ್ಮ ಕೈಯಲ್ಲಿ ಇಲ್ಲದವರ ಮಾತೇನು? ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಇಲ್ಲಿದೆ.

ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತಮ್ಮ ಹಾಡು ಅಡ್ಡಿಯಾಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ನಮ್ಮ ಸಂಗೀತದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಮೌನ ಇನ್ನೊಂದು ಸಿಗಲಾರದು. ಅದಕ್ಕೆ ಒಂದೇ ಒಂದು ಪ್ರಶಸ್ತಿಯೂ ಇಲ್ಲ. ಗಂಗೂಬಾಯಿಯವರ ಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಮರಾಠಿ ಭಾವಗೀತೆಗಳಿದ್ದವು, ಲಘು ಹಾಡುಗಳಿದ್ದವು. ಮನೆ ನಡೆಸುವ ಹೊಣೆ ಅವರ ಮೇಲಿತ್ತು, ಹಾಗಾಗಿ ಕೇಳಿದ್ದನ್ನು ಹಾಡಬೇಕಿತ್ತು. ಸವಾಯಿ ಗಂಧರ್ವರ ಪಾಠಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ದಾರಿಯಲ್ಲಿ ಜನರ ಚುಚ್ಚುಮಾತು ಕೇಳಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ಗಂಟಲಿನ ಚಿಕಿತ್ಸೆಯೊಂದರ ನಂತರ ಅವರ ದನಿ ಇಳಿಯಿತು, ಗಂಡುದನಿಯಂತಾಯಿತು. ಭಾವಗೀತೆಗೆ, ಪ್ಲೇಟಿನ ಮಾರುಕಟ್ಟೆಗೆ ಬೇಕಿದ್ದ ಹೆಣ್ಣುದನಿ ಹೋಯಿತು. ಕಲಾವಿದೆಯ ಪಾಲಿಗೆ ಇದು ಅಕಾಲ. ಅವರು ಹಳೆಯ ದನಿಯನ್ನು ಎಳೆದು ತರಲು ಹೋಗಲಿಲ್ಲ. ಲಘು ಹಾಡುಗಳನ್ನು ಬಿಟ್ಟು ಖ್ಯಾಲ್ ಒಂದನ್ನೇ ಹಿಡಿದರು. ಗುರುವಿನಿಂದ ಬಂದ ಕಿರಾಣಾ ಘರಾಣೆಯ ನಿಧಾನ ಬಢತ್ತಿಗೆ, ಒಂದೊಂದು ಸ್ವರದ ಮೇಲೂ ನಿಂತು ನೋಡುವ ಆ ರೀತಿಗೆ ಈ ಭಾರವಾದ ದನಿ ಹೊಂದಿತು. ಕಡಿಮೆ ರಾಗಗಳು, ಪೂರ್ಣ ಹಿಡಿತ. ದನಿ ಹೋದ ಕಾಲ ಅವರ ಆಯ್ಕೆಯಲ್ಲ. ಆ ದನಿಗೆ ತಕ್ಕ ಕೆಲಸ ಯಾವುದೆಂದು ಗುರುತಿಸಿದ್ದು ಅವರ ಆಯ್ಕೆ. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯ ಮೇಲೆ ಹಾಡಿದರು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಳಿಮಠ, ಅಂದರೆ ಕುಮಾರ ಗಂಧರ್ವರದು ಇನ್ನೂ ಕಠಿಣ ಪ್ರಸಂಗ. ಬಾಲಪ್ರತಿಭೆಯಾಗಿ ದೇಶವನ್ನೇ ಬೆರಗುಗೊಳಿಸಿದವರು, ಮುಂಬಯಿಯಲ್ಲಿ ದೇವಧರರ ಶಿಷ್ಯರಾಗಿ ಬೆಳೆದವರು. ಕೀರ್ತಿ ಏರುತ್ತಿದ್ದಾಗ, 1947ರಲ್ಲಿ ಕ್ಷಯ ತಗಲಿತು. ಒಣ ಹವೆಗೆಂದು ಮಧ್ಯ ಭಾರತದ ದೇವಾಸಿಗೆ ಹೋದರು. ಹಾಡಕೂಡದೆಂದು ವೈದ್ಯರ ಅಪ್ಪಣೆಯಾಯಿತು. ಸ್ಟ್ರೆಪ್ಟೋಮೈಸಿನ್ ಔಷಧ ಸಿಕ್ಕಿ ಚೇತರಿಸಿಕೊಳ್ಳುವ ಹೊತ್ತಿಗೆ ಐದಾರು ವರ್ಷ ಕಳೆದಿತ್ತು. ಒಂದು ಶ್ವಾಸಕೋಶ ಬಹುಪಾಲು ಉಪಯೋಗಕ್ಕಿಲ್ಲದಂತಾಗಿತ್ತು.

ಹಾಡಲಾಗದ ಗಾಯಕ ಹಾಸಿಗೆಯ ಮೇಲೆ ಮಲಗಿ ಮಾಡಿದ್ದು ಕೇಳುವ ಕೆಲಸ. ಮಾಳವದ ಹೆಂಗಸರು ಹೊಲ ಮನೆಗಳಲ್ಲಿ ಹೇಳುವ ಪದ, ನಾಥಪಂಥದ ಜೋಗಿಗಳು ಬಾಗಿಲಲ್ಲಿ ನಿಂತು ಹಾಡುವ ಕಬೀರ. ಅವನ್ನು ಕೇಳುತ್ತ, ಜನಪದ ಧಾಟಿಗಳಿಂದ ರಾಗ ಹೇಗೆ ಹುಟ್ಟಿರಬಹುದು ಎಂದು ಯೋಚಿಸಿದರು. ಮತ್ತೆ ವೇದಿಕೆಗೆ ಬಂದಾಗ ಹೊಸ ರಾಗಗಳಿದ್ದವು, ಹೊಸ ಬಂದಿಶುಗಳಿದ್ದವು, ನಿರ್ಗುಣ ಭಜನಗಳಿದ್ದವು. ಸಣ್ಣ ಸಣ್ಣ ಸ್ವರವಾಕ್ಯಗಳಲ್ಲಿ, ಒಮ್ಮೆಗೇ ತಾರಸ್ಥಾಯಿಗೆ ಏರಿ ತಟ್ಟನೆ ನಿಲ್ಲುವ ಗಾಯನವೂ ಇತ್ತು. ಉಸಿರಿನ ಕೊರತೆ ಈ ಶೈಲಿಯನ್ನು ತಂದಿತು ಎನ್ನುವವರಿದ್ದಾರೆ. ಕೊರತೆ ಕಾರಣವಾಗಿರಬಹುದು. ಆದರೆ ಕೊರತೆಯಿದ್ದ ಎಲ್ಲರೂ ಕುಮಾರ ಗಂಧರ್ವರಾಗಲಿಲ್ಲ. ಕಾಯಿಲೆಯ ಆ ವರ್ಷಗಳನ್ನು ಅವರು ಬರೀ ದಾಟಿಕೊಂಡು ಹಳೆಯ ಜಾಗಕ್ಕೆ ಮರಳಲಿಲ್ಲ. ಇನ್ನೊಬ್ಬ ಗಾಯಕನಾಗಿ ಬಂದರು.

ಕಾಲವನ್ನು ನಾವು ತರಲಾರೆವು, ಬಂದ ಕಾಲಕ್ಕೆ ತಕ್ಕ ಕೆಲಸವನ್ನು ಆರಿಸಬಲ್ಲೆವು ಎಂಬ ಈ ಮಾತು ಬೇಸಾಯ ಮಾಡುವವರ ಮನೆಯಿಂದ ಬಂದವರಿಗೆ ಹೊಸದಲ್ಲ. ಮಳೆ ತರಿಸುವುದು ರೈತನ ಕೈಯಲ್ಲಿಲ್ಲ. ಬಿದ್ದ ಮಳೆಗೆ ಜೋಳವೋ, ಕಡಲೆಯೋ, ಈ ಸಲ ಹೊಲ ಬೀಳು ಬಿಡುವುದೋ ಎಂದು ನಿರ್ಧರಿಸುವುದು ಮಾತ್ರ ಅವನ ಕೈಯಲ್ಲಿದೆ. ನಾಲ್ವರ ಕಥೆಯಲ್ಲೂ ನನಗೆ ಕಾಣುವುದು ಈ ಹದದ ಅರಿವು. ಮನಸೂರರೂ ಕಾರ್ನಾಡರೂ ಒಳ್ಳೆಯ ಮಳೆಯಲ್ಲಿ ಅದನ್ನು ತೋರಿಸಿದರು, ಗಂಗೂಬಾಯಿಯವರೂ ಕುಮಾರರೂ ಬರಗಾಲದಲ್ಲಿ. ನಾಲ್ವರೂ ನಿರ್ಧಾರದ ಹೊತ್ತಿನಲ್ಲಿ ಕೇಳಿಕೊಂಡಂತೆ ಕಾಣುವ ಪ್ರಶ್ನೆ ಒಂದೇ: ‘ನನ್ನ ಕೆಲಸಕ್ಕೆ ಈಗ ಏನು ಬೇಕು?’ ‘ನನ್ನ ಹೆಸರಿಗೆ ಈಗ ಏನು ಬೇಕು?’ ಎಂದು ಕೇಳಿಕೊಂಡಿದ್ದರೆ ಮನಸೂರರು ಇನ್ನಷ್ಟು ಪ್ಲೇಟು ಕೊಡುತ್ತಿದ್ದರು, ಕಾರ್ನಾಡರು ಕುರ್ಚಿಯಲ್ಲಿ ಉಳಿಯುತ್ತಿದ್ದರು.

4

ಇವತ್ತಿನ ಹುಡುಗ ಹುಡುಗಿಯರಿಗೆ ಈ ಮಾತು ಉಪದೇಶದಂತೆ ಕೇಳಿಸಬಹುದು. ಟಿವಿ ಸ್ಪರ್ಧೆಯಲ್ಲಿ ಹನ್ನೆರಡರ ಹುಡುಗಿ ಫೈನಲ್ ತಲುಪುತ್ತಾಳೆ. ಮರುದಿನದಿಂದ ಊರೂರಿನ ಉತ್ಸವಗಳಿಂದ ಕರೆ ಬರುತ್ತದೆ. ಆ ಕರೆಗಳನ್ನು ಬಿಟ್ಟು ಗುರುವಿನ ಮುಂದೆ ಕೂರು ಎಂದು ಹೇಳುವುದು ಸುಲಭ. ಹಾಗೆ ಕೂತ ವರ್ಷಗಳಲ್ಲಿ ಅವಳ ಮನೆಯ ಬಾಡಿಗೆ ಯಾರು ಕಟ್ಟುತ್ತಾರೆ? ವಿವೇಕ ಬರೀ ವ್ಯಕ್ತಿಯ ಗುಣವೆಂದು ಹೊಗಳಿ ಕೈತೊಳೆದುಕೊಂಡರೆ ನಮ್ಮ ಹೊಣೆಯಿಂದ ನಾವು ಜಾರಿಕೊಂಡಂತೆ.

ನಾನು ಹೇಳಿದ ಕಥೆಗಳಲ್ಲೇ ಈ ಪ್ರಶ್ನೆಗೆ ಉತ್ತರವಿದೆ. ‘ಹಯವದನ’ದ ಹಿಂದೆ ಒಂದು ಫೆಲೋಶಿಪ್ ಇತ್ತು. ‘ಯಯಾತಿ’ಯ ಹಿಂದೆ, ಲಾಭ ನೋಡದೆ ಹೊಸಬನ ಹಸ್ತಪ್ರತಿ ಓದಿದ ಒಂದು ಅಟ್ಟ ಇತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಸೀಮೆಯ ಎಷ್ಟೋ ಕಲಾವಿದರಿಗೆ ಆಸರೆಯಾಯಿತು. ಮನಸೂರರೂ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗಂಗೂಬಾಯಿಯವರ ಹಿಂದೆ ಒಬ್ಬ ತಾಯಿ ಇದ್ದರು. ಕಾಯುವ, ಕಲಿಯುವ, ತಿದ್ದಿಕೊಳ್ಳುವ ಕಾಲಕ್ಕೆ ಯಾರೋ ಬೆಲೆ ತೆತ್ತಿದ್ದರು.

ನಮ್ಮ ಪ್ರಶಸ್ತಿಗಳು ಈ ಕೆಲಸ ಮಾಡುವುದಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಬಂದ ಕಾದಂಬರಿ. ಜ್ಞಾನಪೀಠ ಬಂದದ್ದು 1983ರ ಸಾಲಿನಲ್ಲಿ, ಅವರಿಗೆ ತೊಂಬತ್ತು ದಾಟಿದ ಮೇಲೆ. ಆ ಗೌರವ ಕನ್ನಡಕ್ಕೆ ಸಂತೋಷ ಕೊಟ್ಟಿತು. ಮಾಸ್ತಿಯವರು ಬರೆಯುವುದಕ್ಕೆ ಅದರಿಂದ ಆದ ಸಹಾಯ ಏನೂ ಇಲ್ಲ. ಅವರು 1940ರ ದಶಕದಲ್ಲಿಯೇ ಸರ್ಕಾರಿ ಕೆಲಸ ಬಿಟ್ಟು, ತಮ್ಮ ಬರವಣಿಗೆಯ ಕಾಲವನ್ನು ತಾವೇ ಸಂಪಾದಿಸಿಕೊಂಡಿದ್ದರು. ಕೆಲಸ ಮುಗಿದ ಮೇಲೆ ಕೊಡುವ ಹಾರ ಶಾಲುಗಳಲ್ಲಿ ಒಂದು ಪಾಲನ್ನಾದರೂ ಕೆಲಸ ನಡೆಯುವ ಕಾಲಕ್ಕೆ ಕೊಡಲು ನಮಗೆ ಸಾಧ್ಯವಾಗಬೇಕು.

ಆದ್ದರಿಂದ ಈ ಸಂಘದ ಮುಂದೆ ಒಂದು ಕೋರಿಕೆ ಇಟ್ಟು ಮಾತು ಮುಗಿಸುತ್ತೇನೆ. ದತ್ತಿ ಎಂದರೆ ಬ್ಯಾಂಕಿನಲ್ಲಿಟ್ಟ ಗಂಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ಎಂಬುದು ನಮ್ಮ ರೂಢಿ. ಉಪನ್ಯಾಸಗಳು ಬೇಡ ಎನ್ನಲಾರೆ. ಇವತ್ತು ನಾನೇ ಅದರ ಫಲಾನುಭವಿ. ಆದರೆ ಇಂಥ ಹತ್ತಾರು ದತ್ತಿಗಳಿರುವ ಸಂಸ್ಥೆಗಳು ಅವುಗಳಲ್ಲಿ ಕೆಲವನ್ನು ಕೂಡಿಸಿ, ವರ್ಷಕ್ಕೆ ಒಬ್ಬ ಎಳೆಯ ಕಲಾವಿದರಿಗೋ ಲೇಖಕರಿಗೋ ಒಂದು ವರ್ಷದ ನೆಮ್ಮದಿ ಕೊಡಲಿ. ಆ ವರ್ಷ ಅವರು ಪುಸ್ತಕ ತರಬೇಕು, ಕಾರ್ಯಕ್ರಮ ಕೊಡಬೇಕು ಎಂಬ ಷರತ್ತು ಬೇಡ. ಒಬ್ಬ ಹಿರಿಯರ ಬಳಿ ಕಲಿಯಬೇಕು, ವರ್ಷದ ಕೊನೆಗೆ ಕಲಿತದ್ದನ್ನು ಇದೇ ಸಭೆಯಲ್ಲಿ ಬಂದು ಹೇಳಬೇಕು, ಅಷ್ಟೇ ಸಾಕು. ಯಾವಾಗ ಏನು ಮಾಡಬೇಕೆಂಬ ವಿವೇಕವನ್ನು ನಾವು ಯಾರಿಗೂ ದಾನ ಕೊಡಲಾರೆವು. ಆ ವಿವೇಕ ಬೆಳೆಯಲು ಬೇಕಾದ ಕಾಲವನ್ನು ಕೊಡಬಲ್ಲೆವು.